ಮಾಂಟ್ರೋಸ್ ಪಕ್ಷಾಂತರಿಯೇ? ಸೇಂಟ್ ಜೈಲ್ಸ್ ಚರ್ಚಿನ ಎರಡು ಸ್ಮಾರಕಗಳ ನಡುವೆ ನಿಂತವರಿಗೊಂದು ಉತ್ತರ

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಧಾರವಾಡದಲ್ಲಿದ್ದೇನೆ. ಮಗಳು ಎಡಿನ್‌ಬರೊದಲ್ಲಿ ಕೆಲಸ ಮಾಡುತ್ತಿರುವುದರಿಂದ ಕಳೆದ ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿದ್ದೆ. ಅವಳ ಮನೆ ಬ್ರಂಟ್ಸ್‌ಫೀಲ್ಡ್ ಬಯಲಿನ ಪಕ್ಕದಲ್ಲಿದೆ. ಅಲ್ಲಿನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಒಂದು ಪಕ್ಕ ಹದಿನೇಳನೆಯ ಶತಮಾನದ ಸ್ಕಾಟಿಷ್ ಸೇನಾಪತಿ ಮಾಂಟ್ರೋಸ್‌ನ ಸಮಾಧಿ, ಇನ್ನೊಂದು ಪಕ್ಕ ಅವನ ವೈರಿ ಆರ್ಗೈಲ್‌ನ ಸಮಾಧಿ ನೋಡಿದೆ. ನಮಗೆ ವಿವರಿಸಿದ ಮಾರ್ಗದರ್ಶಿ ಮಾಂಟ್ರೋಸ್‌ನನ್ನು ಮಹಾವೀರ ಎಂದು ಹೊಗಳಿದ; ಪಕ್ಕದಲ್ಲಿದ್ದ ಸ್ಥಳೀಯರೊಬ್ಬರು, ಮೊದಲು ಧರ್ಮದ ಪರ ಸಹಿ ಹಾಕಿ ಆಮೇಲೆ ರಾಜನ ಕಡೆ ಹಾರಿದ ಪಕ್ಷಾಂತರಿ ಅವನು, ಅಬರ್ಡೀನ್ ಊರನ್ನು ರಕ್ತದಲ್ಲಿ ಮುಳುಗಿಸಿದ ಎಂದರು. ಮುಂದಿನ ತಿಂಗಳು ನಮ್ಮ ಓದುಬಳಗದಲ್ಲಿ ಅವನ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದೇನೆ. ಇದು ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಯುದ್ಧವೇ? ಅವನು ನಿಜಕ್ಕೂ ನಿಷ್ಠೆ ಬದಲಿಸಿದನೇ? ಅವನ ಹೃದಯ ಮದುರೆಗೆ ಬಂದಿತ್ತು ಎಂಬ ಕಥೆಯನ್ನೂ ಎಲ್ಲೋ ಓದಿದೆ. ಅದನ್ನು ಸಭೆಯಲ್ಲಿ ಹೇಳಬಹುದೇ? ತಪ್ಪು ಹೇಳಿ ಒಬ್ಬನಿಗೆ ಅನ್ಯಾಯ ಮಾಡಿದೆನೆಂಬ ಅಳುಕು ನನಗೆ ಬೇಡ.

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಅವುಗಳ ಬುಡದಲ್ಲಿರುವ ಅಳುಕು ಒಂದೇ. ಒಬ್ಬ ಮನುಷ್ಯ ಐದು ವರ್ಷಗಳ ಅಂತರದಲ್ಲಿ ಎರಡು ಪಾಳೆಯಗಳ ಸೇನಾಪತಿಯಾಗಿ ಕಾಣಿಸಿಕೊಂಡರೆ ಅವನನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ನಿಮ್ಮನ್ನು ಕಾಡುತ್ತಿದೆ. ಮೂವತ್ತು ವರ್ಷ ಪದವಿ ತರಗತಿಗಳಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿ ವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮಾಂಟ್ರೋಸ್ ತನ್ನ ಮತವನ್ನು ಬದಲಿಸಲಿಲ್ಲ, 1638ರಲ್ಲಿ ಹಾಕಿದ ಸಹಿಯನ್ನೂ ಕೊನೆಯವರೆಗೆ ಅಲ್ಲಗಳೆಯಲಿಲ್ಲ. ಆದರೆ ಇಷ್ಟರಿಂದ ಅವನ ಕೈ ತೊಳೆದಂತಾಗುವುದಿಲ್ಲ. ಅಬರ್ಡೀನಿನ ರಕ್ತದ ಲೆಕ್ಕ ಬೇರೆಯದೇ.

ಮೊದಲು ಒಂದು ಸಣ್ಣ ತಿದ್ದುಪಡಿ. ನೀವು ನೋಡಿದ ಎರಡೂ ಸಮಾಧಿಗಳಲ್ಲ. ಮಾಂಟ್ರೋಸ್‌ನ ಅವಶೇಷಗಳನ್ನು 1661ರಲ್ಲಿ ಆ ಚರ್ಚಿನಲ್ಲಿ ಹೂಳಿದ್ದು ನಿಜ; ಆದರೆ ನೀವು ಕಂಡ ಅಮೃತಶಿಲೆಯ ರಚನೆ 1888ರದು. ಆರ್ಗೈಲ್‌ನ ಸ್ಮಾರಕ 1895ರದು, ಅವನು ಅಲ್ಲಿ ಮಲಗಿಲ್ಲ, ಅವನ ಮನೆತನದ ಸಮಾಧಿಸ್ಥಳ ಪಶ್ಚಿಮ ತೀರದ ಕಿಲ್ಮನ್‌ನಲ್ಲಿದೆ. ಬದುಕಿದ್ದಾಗ ಎಣ್ಣೆ ಸೀಗೆಕಾಯಿಯಂತಿದ್ದ ಇಬ್ಬರ ಕಲ್ಲಿನ ಪ್ರತಿಮೆಗಳನ್ನು ಒಂದೇ ಸೂರಿನ ಕೆಳಗೆ ಎದುರುಬದುರು ಮಲಗಿಸಿದವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಸ್ಕಾಟರು. ಮಾರ್ಗದರ್ಶಿಯ 'ಮಹಾವೀರ'ನ ಬಹುಪಾಲು ಬಣ್ಣವೂ ಆ ಕಾಲದ್ದೇ.

ಈಗ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಪ್ರಶ್ನೆ. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಬಾರಿ ಕೆಂಪು ಗೆರೆ ಎಳೆದದ್ದು ಇಲ್ಲಿಯೇ. ರಾಜ ಒಂದನೆಯ ಚಾರ್ಲ್ಸ್ ಪ್ರಾಟೆಸ್ಟಂಟ್. ಅವನನ್ನು ಎದುರಿಸಿದ ಸ್ಕಾಟರೂ ಪ್ರಾಟೆಸ್ಟಂಟರು. ಮಾಂಟ್ರೋಸ್ ಹುಟ್ಟಿನಿಂದ ಸಾವಿನವರೆಗೂ ಪ್ರಾಟೆಸ್ಟಂಟ್. ಜಗಳವಿದ್ದದ್ದು ಚರ್ಚಿನ ಆಡಳಿತ ಯಾರ ಕೈಯಲ್ಲಿರಬೇಕು ಎಂಬುದರಲ್ಲಿ. ರಾಜ ನೇಮಿಸುವ ಬಿಷಪ್ಪರ ಕೈಯಲ್ಲೋ, ಪಾದ್ರಿಗಳೂ ಊರ ಹಿರಿಯರೂ ಕೂಡಿ ನಡೆಸುವ ಸಭೆಗಳ ಕೈಯಲ್ಲೋ? ಎರಡನೆಯ ಪದ್ಧತಿಗೆ ಪ್ರೆಸ್ಬಿಟೇರಿಯನ್ ಎಂದು ಹೆಸರು. ಪೋಪನ ಭಯ ಎಲ್ಲರ ಬಾಯಲ್ಲೂ ಇತ್ತು, ಮುಂದೆ ಮಾಂಟ್ರೋಸ್‌ನ ಸೈನ್ಯದಲ್ಲಿ ಐರ್ಲೆಂಡಿನ ಕ್ಯಾಥೊಲಿಕರೂ ಇದ್ದರು. ಆದರೂ ಇಡೀ ಕದನವನ್ನು ಆ ಎರಡು ಪದಗಳಲ್ಲಿ ಕಟ್ಟಿಹಾಕಿದರೆ ಮಾಂಟ್ರೋಸ್‌ನ ಜೀವನದ ಒಂದು ತಿರುವೂ ಅರ್ಥವಾಗುವುದಿಲ್ಲ.

ಬೆಂಕಿ ಹತ್ತಿಕೊಳ್ಳಲು ಸೌದೆ ಮೊದಲೇ ಒಣಗಿತ್ತು. ಚಾರ್ಲ್ಸ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲೇ ಆದರೂ ಬೆಳೆದದ್ದು ಲಂಡನ್ನಿನಲ್ಲಿ. 1625ರಲ್ಲಿ ಪಟ್ಟಕ್ಕೆ ಬಂದವನು ತನ್ನ ಸ್ಕಾಟಿಷ್ ಕಿರೀಟ ಧರಿಸಲು ಎಡಿನ್‌ಬರೊಗೆ ಬಂದದ್ದು 1633ರಲ್ಲಿ. ಅದಕ್ಕೆ ಮೊದಲೇ, ಹಿಂದಿನ ತಲೆಮಾರುಗಳಲ್ಲಿ ಕುಲೀನ ಮನೆತನಗಳ ಪಾಲಾಗಿದ್ದ ಚರ್ಚಿನ ಜಮೀನುಗಳನ್ನು ಹಿಂಪಡೆಯುವ ಹಕ್ಕು ತನಗಿದೆ ಎಂದು ಸಾರಿದ್ದ. ಜಮೀನಿನ ದಸ್ತಾವೇಜು ಅಲುಗಾಡಿದರೆ ಯಾವ ದೇಶದ ಜಮೀನ್ದಾರನಿಗೂ ನಿದ್ದೆ ಹತ್ತುವುದಿಲ್ಲ. ಸಾಲದೆಂಬಂತೆ 1635ರಲ್ಲಿ ಆರ್ಚ್‌ಬಿಷಪ್ ಸ್ಪಾಟಿಸ್‌ವುಡ್‌ನನ್ನೇ ರಾಜ್ಯದ ಚಾನ್ಸಲರ್ ಮಾಡಿದ. ಕೊನೆಗೆ 1637ರಲ್ಲಿ, ಪಾರ್ಲಿಮೆಂಟನ್ನೂ ಚರ್ಚಿನ ಮಹಾಸಭೆಯನ್ನೂ ಕೇಳದೆ, ಹೊಸ ಪ್ರಾರ್ಥನಾ ಪುಸ್ತಕವೊಂದನ್ನು ರಾಜಾಜ್ಞೆಯಿಂದ ಹೇರಿದ. ಆ ವರ್ಷದ ಜುಲೈ 23ರಂದು ನೀವು ನಿಂತಿದ್ದ ಅದೇ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಅದನ್ನು ಓದಲು ತೊಡಗಿದಾಗ ಗಲಭೆಯೆದ್ದಿತು. ಜೆನ್ನಿ ಗೆಡಿಸ್ ಎಂಬ ಹೆಂಗಸು ತಾನು ಕೂತಿದ್ದ ಮಣೆಯನ್ನೇ ಪಾದ್ರಿಯತ್ತ ಎಸೆದಳೆಂಬ ಕಥೆಯನ್ನು ನೀವು ಕೇಳಿರಬೇಕು. ಗಲಭೆ ಖಚಿತ; ಜೆನ್ನಿ ದಂತಕಥೆಯ ಪಾಲು.

ಇದರ ಬೆನ್ನಿಗೇ ಬಂದದ್ದು 1638ರ ರಾಷ್ಟ್ರೀಯ ಒಡಂಬಡಿಕೆ. ಕನ್ನಡ ಬೈಬಲ್ ಓದಿದವರಿಗೆ 'ಒಡಂಬಡಿಕೆ' ಎಂಬ ಪದ ದೇವರು ಮತ್ತು ಅವನ ಜನರ ನಡುವಿನ ಕರಾರು ಎಂಬ ಅರ್ಥದಲ್ಲಿ ಪರಿಚಿತ. ಸ್ಕಾಟರೂ ಅದೇ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಹೆಸರನ್ನು ಆರಿಸಿದರು. ವಕೀಲ ಆರ್ಚಿಬಾಲ್ಡ್ ಜಾನ್‌ಸ್ಟನ್ ಮತ್ತು ಪಾದ್ರಿ ಅಲೆಕ್ಸಾಂಡರ್ ಹೆಂಡರ್ಸನ್ ಸೇರಿ ಬರೆದ ಆ ಪತ್ರಕ್ಕೆ ಫೆಬ್ರುವರಿ 28ರಂದು ಗ್ರೇಫ್ರೈಯರ್ಸ್ ಚರ್ಚಿನಲ್ಲಿ ಸಹಿಗಳು ಬಿದ್ದವು. ಮೊದಲ ಸಾಲಿನಲ್ಲಿ ಸಹಿ ಮಾಡಿದವರಲ್ಲಿ ಮಾಂಟ್ರೋಸ್‌ನ ಐದನೆಯ ಅರ್ಲ್ ಜೇಮ್ಸ್ ಗ್ರಹಾಂ ಒಬ್ಬ. ಆಗ ಅವನಿಗೆ ಇಪ್ಪತ್ತೈದು ವರ್ಷ. ಹದಿನಾಲ್ಕಕ್ಕೇ ತಂದೆಯನ್ನು ಕಳೆದುಕೊಂಡು ಅರ್ಲ್ ಆದವನು, ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಓದಿಗಿಂತ ಬಿಲ್ಲುಗಾರಿಕೆಯಲ್ಲಿ ಹೆಸರು ಮಾಡಿದವನು, ಹದಿನೇಳಕ್ಕೆ ಮದುವೆಯಾಗಿ ಆಮೇಲೆ ಮೂರು ವರ್ಷ ಯುರೋಪ್ ಸುತ್ತಿ ಬಂದವನು. ಪದ್ಯವನ್ನೂ ಬರೆಯುತ್ತಿದ್ದ. ಅವನ ಅಕ್ಕನ ಗಂಡ ಲಾರ್ಡ್ ನೇಪಿಯರ್, ಲಾಗರಿದಮ್ ಕಂಡುಹಿಡಿದ ಗಣಿತಜ್ಞ ಜಾನ್ ನೇಪಿಯರ್‌ನ ಮಗ. ತಂದೆಯಿಲ್ಲದ ಹುಡುಗನಿಗೆ ರಾಜನೀತಿಯ ಪಾಠ ಹೇಳಿದವನು ಈ ಭಾವನೇ. ನೇಪಿಯರ್ ಮನೆತನವನ್ನು ನೆನಪಿಟ್ಟುಕೊಳ್ಳಿ, ಹೃದಯದ ಕಥೆಗೆ ಅದು ಬೇಕಾಗುತ್ತದೆ.

ನಿಮ್ಮ ಭಾಷಣದ ಇಡೀ ತೂಕ ಒಂದು ಅಂಶದ ಮೇಲೆ ನಿಲ್ಲುತ್ತದೆ, ಅದು ಆ ಪತ್ರದ ಒಳಗಿನ ಮಾತು. ಅದರಲ್ಲಿ ಬಿಷಪ್ಪರನ್ನು ಕಿತ್ತೊಗೆಯಬೇಕೆಂಬ ನೇರ ಮಾತಿಲ್ಲ. ದೇಶದ ಕಾನೂನುಗಳನ್ನೂ ನಿಜವಾದ ಧರ್ಮವನ್ನೂ ಕಾಯುತ್ತೇವೆ ಎಂಬ ಪ್ರತಿಜ್ಞೆಯ ಜೊತೆಗೇ, ರಾಜನ ದೇಹವನ್ನೂ ಅಧಿಕಾರವನ್ನೂ ಕಾಯುತ್ತೇವೆ ಎಂಬ ಪ್ರತಿಜ್ಞೆಯೂ ಇದೆ. ಸಹಿ ಹಾಕಿದವರೆಲ್ಲ ಎರಡಕ್ಕೂ ಕೈ ಒಡ್ಡಿದ್ದರು. ಈ ಎರಡು ಮಾತುಗಳು ಒಂದಕ್ಕೊಂದು ಅಡ್ಡ ಬಂದ ದಿನ ಯಾವುದನ್ನು ಹಿಡಿಯಬೇಕೆಂಬುದನ್ನು ಪತ್ರ ಹೇಳಿರಲಿಲ್ಲ. ಇನ್ನೊಂದು ತಮಾಷೆಯೂ ಇದೆ: ಮಾಂಟ್ರೋಸ್ ಸಹಿ ಹಾಕಿದಾಗ ಆರ್ಗೈಲ್‌ನ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಇನ್ನೂ ಹೊರಗೇ ಇದ್ದ. ಅವನು ಬಹಿರಂಗವಾಗಿ ಈ ಪಕ್ಷಕ್ಕೆ ಬಂದದ್ದು ಅದೇ ವರ್ಷದ ಕೊನೆಯಲ್ಲಿ, ಗ್ಲಾಸ್ಗೋ ಮಹಾಸಭೆ ಬಿಷಪ್ಪರ ಪದ್ಧತಿಯನ್ನೇ ರದ್ದು ಮಾಡಲು ಹೊರಟಾಗ.

1639ರಲ್ಲಿ ಮಾಂಟ್ರೋಸ್ ಒಡಂಬಡಿಕೆಯ ಸೇನಾಪತಿಯಾಗಿ ಈಶಾನ್ಯದ ಅಬರ್ಡೀನಿಗೆ ಹೋದ. ಆ ಪಟ್ಟಣ ಸಹಿ ಹಾಕಲು ಒಪ್ಪಿರಲಿಲ್ಲ. ಅಲ್ಲಿನ ವಿದ್ವಾಂಸ ಪಾದ್ರಿಗಳು ಒಡಂಬಡಿಕೆಯನ್ನು ತರ್ಕದಿಂದಲೇ ಎದುರಿಸಿದ್ದರು. ಬಲದಿಂದ ಸಹಿ ಹಾಕಿಸಿದ್ದಾಯಿತು. ಆ ಪ್ರದೇಶದ ದೊಡ್ಡ ಒಡೆಯ, ಗಾರ್ಡನ್ ಮನೆತನದ ಹಂಟ್ಲಿಗೆ ಅಭಯಪತ್ರ ಕೊಟ್ಟು ಕರೆಸಿ, ಆಮೇಲೆ ಎಡಿನ್‌ಬರೊಗೆ ಬಂದಿಯಾಗಿ ಒಯ್ದರು. ಇದು ಮಾಂಟ್ರೋಸ್‌ನ ಸ್ವಂತ ಇಚ್ಛೆಯೋ ಜೊತೆಗಿದ್ದವರ ಒತ್ತಾಯವೋ ಎಂಬ ವಾದ ಇಂದಿಗೂ ಇದೆ. ಹಂಟ್ಲಿಯಂತೂ ಆ ವಾದಕ್ಕೆ ಕಿವಿಗೊಡಲಿಲ್ಲ, ಸಾಯುವವರೆಗೂ ಕ್ಷಮಿಸಲಿಲ್ಲ. ಆರು ವರ್ಷಗಳ ನಂತರ ಇಬ್ಬರೂ ಒಂದೇ ರಾಜನ ಪರ ನಿಂತಾಗಲೂ ಗಾರ್ಡನ್ನರ ಬಲ ಮಾಂಟ್ರೋಸ್‌ಗೆ ಪೂರ್ತಿ ದಕ್ಕದೆ ಹೋದದ್ದರ ಬೇರು ಇಲ್ಲಿದೆ. ಅದೇ ಜೂನ್‌ನಲ್ಲಿ ಡೀ ನದಿಯ ಸೇತುವೆಯ ಬಳಿ ಕಾದಾಡಿ ಮತ್ತೆ ಪಟ್ಟಣವನ್ನು ಗೆದ್ದಾಗ, ಊರನ್ನು ಸುಲಿಯೋಣವೆಂದು ಅವನ ಪಕ್ಷದವರೇ ಒತ್ತಾಯಿಸಿದರು, ಅವನು ತಡೆದ. ಅತಿ ಮೃದು ಎಂಬ ಟೀಕೆಯನ್ನೂ ಕೇಳಿಸಿಕೊಂಡ.

1640ರ ಆಗಸ್ಟ್ 20ರಂದು ಸ್ಕಾಟಿಷ್ ಸೈನ್ಯ ಇಂಗ್ಲೆಂಡಿಗೆ ನುಗ್ಗಿದಾಗ ಟ್ವೀಡ್ ನದಿಯನ್ನು ಎಲ್ಲರಿಗಿಂತ ಮೊದಲು ನಡೆದು ದಾಟಿದವನು ಮಾಂಟ್ರೋಸ್. ಆದರೆ ಅದೇ ತಿಂಗಳು ಅವನು ಇನ್ನೊಂದು ಪತ್ರಕ್ಕೂ ಸಹಿ ಹಾಕಿದ್ದ. ಕಂಬರ್ನಾಲ್ಡ್‌ನಲ್ಲಿ ಹಲವು ಕುಲೀನರು ಸೇರಿ ಮಾಡಿಕೊಂಡ ಆ ಗುಟ್ಟಿನ ಕರಾರಿನ ಸಾರ ಇಷ್ಟು: ಕೆಲವೇ ಕೆಲವರು ಒಡಂಬಡಿಕೆಯ ಹೆಸರಿನಲ್ಲಿ ಅಧಿಕಾರವನ್ನು ಬಾಚಿಕೊಳ್ಳುತ್ತಿದ್ದಾರೆ, ಅದನ್ನು ತಡೆಯಬೇಕು. ಹೆಸರು ಹೇಳದಿದ್ದರೂ ಬೆರಳು ತೋರಿದ್ದು ಆರ್ಗೈಲ್‌ನತ್ತ. ಅವನು ಆ ಬೇಸಿಗೆಯಲ್ಲಿ ಸರ್ಕಾರದ ಅಪ್ಪಣೆ ಹಿಡಿದು ತನ್ನ ಮನೆತನದ ಹಳೆಯ ವೈರಿಗಳ ಸೀಮೆಗಳನ್ನು ಸುಟ್ಟಿದ್ದ. ರಾಜನನ್ನೇ ಪದಚ್ಯುತಗೊಳಿಸುವ ಮಾತು ಅವನ ಬಳಗದಲ್ಲಿ ನಡೆದಿದೆ ಎಂಬ ಸುದ್ದಿ ಹರಡಿತ್ತು. ಗುಟ್ಟು ಬಯಲಾಗಿ, 1641ರ ಜೂನ್‌ನಲ್ಲಿ ಮಾಂಟ್ರೋಸ್ ಎಡಿನ್‌ಬರೊ ಕೋಟೆಯ ಸೆರೆಮನೆ ಸೇರಿದ. ರಾಜ ಆ ವರ್ಷ ಸ್ಕಾಟ್ಲೆಂಡಿಗೆ ಬಂದು ಎಲ್ಲರನ್ನೂ ಒಲಿಸಿಕೊಳ್ಳಲು ಹೊರಟಾಗ ನವೆಂಬರ್‌ನಲ್ಲಿ ಬಿಡುಗಡೆಯೇನೋ ಆಯಿತು. ಆದರೆ ಅದೇ ಭೇಟಿಯಲ್ಲಿ ರಾಜ ಅರ್ಲ್‌ಗಿಂತ ಮೇಲಿನ ಮಾರ್ಕ್ವಿಸ್ ಪದವಿ ಕೊಟ್ಟದ್ದು ಯಾರಿಗೆ? ಆರ್ಗೈಲ್‌ಗೆ.

ಹಾಗಾದರೆ ಇದು ಬರೀ ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಹೊಟ್ಟೆಕಿಚ್ಚು ಇರಲಿಲ್ಲವೆಂದು ನಾನು ಹೇಳಲಾರೆ. ಇಬ್ಬರೂ ಒಂದೇ ಮರದ ತುದಿಯ ಮೇಲೆ ಕಣ್ಣಿಟ್ಟಿದ್ದವರು, ಪಕ್ಷದ ಚುಕ್ಕಾಣಿ ಆರ್ಗೈಲ್‌ನ ಕೈಗೆ, ಸೈನ್ಯದ ಚುಕ್ಕಾಣಿ ಜರ್ಮನಿಯ ಯುದ್ಧಗಳಲ್ಲಿ ಪಳಗಿದ ಅಲೆಕ್ಸಾಂಡರ್ ಲೆಸ್ಲಿಯ ಕೈಗೆ ಹೋದದ್ದು ಮಾಂಟ್ರೋಸ್‌ಗೆ ಕಹಿಯಾಗಿರಲೇಬೇಕು. ಆದರೆ ಹೊಟ್ಟೆಕಿಚ್ಚೊಂದೇ ಕಾರಣವೆಂಬುದಕ್ಕೆ ಎದುರು ನಿಲ್ಲುವ ಸಂಗತಿ 1643ರದು. ಆ ವರ್ಷ ಒಡಂಬಡಿಕೆಯ ನಾಯಕರು ಅವನ ಸಾಲಗಳನ್ನು ತೀರಿಸಿ, ಸೈನ್ಯದಲ್ಲಿ ಲೆಸ್ಲಿಯ ನಂತರದ ಸ್ಥಾನವನ್ನು ಕೊಡಲು ಮುಂದೆ ಬಂದರು. ಹೆಂಡರ್ಸನ್ ಸ್ವತಃ ಸ್ಟರ್ಲಿಂಗ್ ಬಳಿಯ ನದಿದಂಡೆಯಲ್ಲಿ ಅವನೊಡನೆ ಮಾತುಕತೆ ನಡೆಸಿದ. ಪದವಿಯೇ ಗುರಿಯಾಗಿದ್ದ ಮನುಷ್ಯ ಇದನ್ನು ಬಿಡುತ್ತಿರಲಿಲ್ಲ. ರಾಜನ ಕಡೆಯಲ್ಲಿ ಆಗ ಅವನಿಗೆ ಇದ್ದದ್ದಾದರೂ ಏನು? ರಾಜನೊಡನೆ ಯುದ್ಧಕ್ಕಿಳಿದಿದ್ದ ಇಂಗ್ಲಿಷ್ ಪಾರ್ಲಿಮೆಂಟಿನ ಕಡೆ ಒಡಂಬಡಿಕೆಯವರು ಸೇರುತ್ತಾರೆಂದು ಅವನು ರಾಣಿಗೆ ಕೊಟ್ಟ ಎಚ್ಚರಿಕೆಯನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಹೊತ್ತಿಗೆ ಅವನ ಮುಂದಿದ್ದ ದಾರಿಗಳನ್ನು ಅವನ ಜಾಗದಲ್ಲಿ ನಿಂತು ನೋಡಿ. ಪಕ್ಷದಲ್ಲೇ ಉಳಿದಿದ್ದರೆ ಜೀವಕ್ಕೂ ಆಸ್ತಿಗೂ ಭಯವಿರಲಿಲ್ಲ, ಆದರೆ 1643ರ ಎರಡನೆಯ ಒಡಂಬಡಿಕೆಗೆ ಕೈ ಹಾಕಬೇಕಿತ್ತು. ಅದು ಮೊದಲನೆಯದರಂತೆ ಸ್ವದೇಶದ ಚರ್ಚನ್ನು ಕಾಯುವ ಪತ್ರವಾಗಿರದೆ, ಇಂಗ್ಲೆಂಡ್ ಮತ್ತು ಐರ್ಲೆಂಡಿನ ಚರ್ಚುಗಳನ್ನೂ ತಿದ್ದುವ, ಅದಕ್ಕಾಗಿ ರಾಜನ ವಿರುದ್ಧ ಇಂಗ್ಲಿಷ್ ಪಾರ್ಲಿಮೆಂಟಿಗೆ ಸೈನ್ಯ ಕಳಿಸುವ ಮೈತ್ರಿಯಾಗಿತ್ತು. ಮನೆಯಲ್ಲಿ ಸುಮ್ಮನೆ ಕೂರೋಣವೆಂದರೆ, ಆ ಹೊಸ ಪತ್ರಕ್ಕೆ ಸಹಿ ಹಾಕದವರ ಆಸ್ತಿ ಮುಟ್ಟುಗೋಲಾಗುವ ಆಜ್ಞೆ ಹೊರಟಿತ್ತು; ತಟಸ್ಥತೆಗೂ ದಂಡವಿತ್ತು. ದೇಶ ಬಿಟ್ಟು ಹೋಗಿ ಯಾವುದಾದರೂ ಯುರೋಪಿನ ಸೈನ್ಯ ಸೇರಬಹುದಿತ್ತು, ಆ ಕಾಲದ ಎಷ್ಟೋ ಸ್ಕಾಟರು ಮಾಡಿದಂತೆ. ಹೆಂಡತಿ ಮಕ್ಕಳು ಒತ್ತೆಯಾಳುಗಳಂತೆ ಹಿಂದೆ ಉಳಿಯುತ್ತಿದ್ದರು. ಕೊನೆಯದು, ರಾಜನ ಪರ ಕತ್ತಿ ಎತ್ತುವುದು, ಅವನು ಹಿಡಿದ ದಾರಿ. ಅದರ ಬೆಲೆಯನ್ನು ಮನೆಯವರೇ ತೆತ್ತರು: ಜೊತೆಯಲ್ಲಿ ಕರೆದೊಯ್ದ ಹಿರಿಯ ಮಗ 1645ರ ದಂಡಯಾತ್ರೆಯ ನಡುವೆ ಇನ್ನೂ ಹುಡುಗನಾಗಿರುವಾಗಲೇ ತೀರಿಕೊಂಡ, ಇನ್ನೊಬ್ಬ ಮಗನನ್ನು ಕೋಟೆಯಲ್ಲಿ ಕೂಡಿಹಾಕಿದರು, ಸೆರೆಮನೆ ಕಂಡ ಮುದುಕ ಭಾವ ನೇಪಿಯರ್ ಅದೇ ವರ್ಷ ಬೆಟ್ಟಗಳ ನಡುವೆ ಸತ್ತ.

ಯುದ್ಧದ ಭಾಗವನ್ನು ಮಾರ್ಗದರ್ಶಿಗಳು ಗಂಟೆಗಟ್ಟಲೆ ಹೇಳುತ್ತಾರೆ, ನಾನು ಬೇಗ ದಾಟುತ್ತೇನೆ. 1644ರ ಆಗಸ್ಟ್‌ನಲ್ಲಿ ರಾಜನ ಪ್ರತಿನಿಧಿಯೆಂಬ ಕಾಗದವನ್ನಷ್ಟೇ ಹಿಡಿದು, ಕುದುರೆಯಾಳಿನ ವೇಷದಲ್ಲಿ, ಇಬ್ಬರೇ ಸಂಗಾತಿಗಳೊಡನೆ ಮಾಂಟ್ರೋಸ್ ಗಡಿ ದಾಟಿದ. ಬ್ಲೇರ್ ಅಥಾಲ್‌ನಲ್ಲಿ ಅವನಿಗೆ ಸಿಕ್ಕ ಸೈನ್ಯ, ಅಲಸ್ಡೇರ್ ಮ್ಯಾಕ್‌ಕೊಲ್ಲ ಐರ್ಲೆಂಡಿನಿಂದ ಕರೆತಂದಿದ್ದ ಪಳಗಿದ ದಂಡು ಮತ್ತು ಅದಕ್ಕೆ ಕೂಡಿಕೊಂಡ ಬೆಟ್ಟನಾಡಿನ ಜನ. ಮ್ಯಾಕ್‌ಕೊಲ್ಲ ಕ್ಯಾಥೊಲಿಕ್, ಮ್ಯಾಕ್‌ಡೊನಾಲ್ಡ್ ಕುಲದವನು. ಅವನಿಗೆ ರಾಜನಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ತನ್ನ ಕುಲದ ನೆಲ ನುಂಗಿದ, ಆರ್ಗೈಲ್‌ನ ಕುಲದವರಾದ ಕ್ಯಾಂಪ್‌ಬೆಲ್ಲರ ಮೇಲಿನ ಸೇಡು. ಪರ್ತ್ ಬಳಿಯ ಟಿಪ್ಪರ್‌ಮ್ಯೂರ್‌ನಿಂದ ಗ್ಲಾಸ್ಗೋ ಸಮೀಪದ ಕಿಲ್ಸಿತ್‌ವರೆಗೆ, 1644ರ ಸೆಪ್ಟೆಂಬರ್ 1ರಿಂದ 1645ರ ಆಗಸ್ಟ್ 15ರೊಳಗೆ, ಆರು ಗೆಲುವುಗಳು. ಅವುಗಳಲ್ಲಿ ಇನ್ವರ್‌ಲಾಕಿಯನ್ನು ಮಾತ್ರ ಬಿಡಿಸಿ ಹೇಳಬೇಕು. ಜನವರಿಯ ಕೊನೆ, ಹಿಂದೆ ಆರ್ಗೈಲ್‌ನ ಸೈನ್ಯ, ಮುಂದೆ ಇನ್ವರ್ನೆಸ್‌ನಲ್ಲಿ ಇನ್ನೊಂದು ಸೈನ್ಯ, ನಡುವೆ ಮಾಂಟ್ರೋಸ್. ಅವನು ಕಣಿವೆಯ ದಾರಿ ಬಿಟ್ಟು ಹಿಮ ತುಂಬಿದ ಬೆಟ್ಟಗಳ ಬೆನ್ನು ಹತ್ತಿ, ಹಿಂದಕ್ಕೆ ತಿರುಗಿ ಬಂದು, ಫೆಬ್ರುವರಿ 2ರ ನಸುಕಿನಲ್ಲಿ ಆರ್ಗೈಲ್‌ನ ಪಾಳೆಯದ ತಲೆಯ ಮೇಲೆ ಇಳಿದ. ಸುಮಾರು 1,500 ಮಂದಿ ಸತ್ತರು. ಬಿದ್ದು ಭುಜ ಉಳುಕಿಸಿಕೊಂಡಿದ್ದ ಆರ್ಗೈಲ್ ತನ್ನ ಜನ ಕೊಚ್ಚಿಹೋಗುವುದನ್ನು ಕೊಲ್ಲಿಯಲ್ಲಿ ಲಂಗರು ಹಾಕಿದ್ದ ದೋಣಿಯಿಂದ ನೋಡಬೇಕಾಯಿತು.

ಈ ಗೆಲುವುಗಳ ನಡುವೆ ಅಬರ್ಡೀನ್ ಇದೆ. ನಿಮಗೆ ಎದುರು ಮಾತಾಡಿದ ಆ ಸ್ಥಳೀಯರು ಉತ್ಪ್ರೇಕ್ಷೆ ಮಾಡಲಿಲ್ಲ. 1644ರ ಸೆಪ್ಟೆಂಬರ್ 13ರಂದು ಮಾಂಟ್ರೋಸ್ ಶರಣಾಗತಿ ಕೇಳಲು ದೂತನನ್ನು ಕಳಿಸಿದ. ದೂತನ ಜೊತೆಗಿದ್ದ ಡೋಲು ಬಾರಿಸುವ ಹುಡುಗನನ್ನು ಯಾರೋ ಗುಂಡಿಟ್ಟು ಕೊಂದರು. ಸಿಟ್ಟಿಗೆದ್ದ ಮಾಂಟ್ರೋಸ್ ಗೆದ್ದರೆ ಊರು ನಿಮ್ಮದು ಎಂದು ಸೈನಿಕರಿಗೆ ಮಾತು ಕೊಟ್ಟ. ಮುಂದಿನ ಮೂರು ದಿನ ನಡೆದದ್ದು ಕೊಲೆ, ಸುಲಿಗೆ, ಹೆಂಗಸರ ಮೇಲೆ ಅತ್ಯಾಚಾರ; ಸತ್ತ ಪಟ್ಟಣಿಗರು ನೂರಕ್ಕೂ ಹೆಚ್ಚು. ಸತ್ತವರಲ್ಲಿ ಎಷ್ಟೋ ಜನ ಒಡಂಬಡಿಕೆಯನ್ನು ಮನಸಾರೆ ಒಪ್ಪಿದವರಲ್ಲ, ಐದು ವರ್ಷಗಳ ಹಿಂದೆ ಇದೇ ಮಾಂಟ್ರೋಸ್ ಬಂದು ಬಲವಂತದಿಂದ ಒಪ್ಪಿಸಿದ್ದ ಊರಿನವರು. 1639ರಲ್ಲಿ ಇದೇ ಬೀದಿಗಳಲ್ಲಿ ಸುಲಿಗೆಯನ್ನು ತಡೆದವನು 1644ರಲ್ಲಿ ತಡೆಯಲಿಲ್ಲ. ಹಣವಿಲ್ಲದ, ಸಂಬಳವಿಲ್ಲದ ಸೈನ್ಯಕ್ಕೆ ಲೂಟಿಯೇ ಕೂಲಿಯಾಗಿತ್ತೆಂದು ವಿವರಿಸಬಹುದು. ಡೋಲಿನ ಹುಡುಗನ ಕೊಲೆ ಯುದ್ಧನೀತಿಗೆ ವಿರುದ್ಧವಾಗಿತ್ತೆಂದೂ ಹೇಳಬಹುದು. ವಿವರಣೆ ಬೇರೆ, ಸಮರ್ಥನೆ ಬೇರೆ. ಅವನ ಅಭಿಮಾನಿಗಳು ಬರೆದ ಜೀವನಚರಿತ್ರೆಗಳಲ್ಲಿ ಈ ಮೂರು ದಿನಗಳು ಒಂದು ಪ್ಯಾರಾದಲ್ಲಿ ಮುಗಿಯುವುದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ರಾಜಕೀಯವಾಗಿಯೂ ಆ ನಂತರ ತಗ್ಗುನಾಡಿನ ಪಟ್ಟಣಗಳು ಅವನನ್ನು ನಂಬಲಿಲ್ಲ.

ಎದುರು ಪಕ್ಷದ ಕೈಯೂ ಸ್ವಚ್ಛವಾಗಿರಲಿಲ್ಲ. ಕಿಲ್ಸಿತ್ ಗೆದ್ದು ಸ್ಕಾಟ್ಲೆಂಡ್ ತನ್ನದಾಯಿತು ಎನ್ನುವಷ್ಟರಲ್ಲಿ ಮ್ಯಾಕ್‌ಕೊಲ್ಲ ಕ್ಯಾಂಪ್‌ಬೆಲ್ಲರ ನಾಡಿಗೆ ಹೊರಟುಹೋದ, ಗಾರ್ಡನ್ನರು ಮನೆಗೆ ತಿರುಗಿದರು. ಉಳಿದ ಸಣ್ಣ ದಂಡನ್ನು 1645ರ ಸೆಪ್ಟೆಂಬರ್ 13ರಂದು, ಅಬರ್ಡೀನ್ ಘಟನೆಗೆ ಸರಿಯಾಗಿ ಒಂದು ವರ್ಷಕ್ಕೆ, ಫಿಲಿಪ್‌ಹಾ ಎಂಬಲ್ಲಿ ಒಡಂಬಡಿಕೆ ಪಕ್ಷದ ಇನ್ನೊಬ್ಬ ಸೇನಾಪತಿ ಡೇವಿಡ್ ಲೆಸ್ಲಿಯ ಕುದುರೆ ಸವಾರರು ಮಂಜಿನಲ್ಲಿ ಮುತ್ತಿದರು. ಜೀವದಾನದ ಮಾತು ನಂಬಿ ಶಸ್ತ್ರ ಕೆಳಗಿಟ್ಟ ಐರಿಷ್ ಸೈನಿಕರನ್ನೂ ಶಿಬಿರದಲ್ಲಿದ್ದ ಅವರ ಹೆಂಗಸರು ಮಕ್ಕಳನ್ನೂ ಕೊಂದರು. ಹಾಗೆ ಮಾಡುವುದು ದೇವರ ಆಜ್ಞೆಯೆಂದು ಪಾದ್ರಿಗಳು ಒತ್ತಾಯಿಸಿದರು. ಧರ್ಮ ಈ ಯುದ್ಧದ ಕಾರಣವೇ ಎಂದು ನೀವು ಕೇಳಿದ್ದೀರಿ. ಕಾರಣಗಳಲ್ಲಿ ಒಂದು ಎಂದು ನನ್ನ ಉತ್ತರ. ಆದರೆ ಗೆದ್ದವನ ಕೈಯನ್ನು ತಡೆಯಬಹುದಾಗಿದ್ದ ಕೊನೆಯ ಕಟ್ಟನ್ನು ಬಿಚ್ಚಿದ್ದು ಮಾತ್ರ ಅದೇ.

ರಾಜನ ಆಜ್ಞೆಯಂತೆ ಶಸ್ತ್ರ ಕೆಳಗಿಟ್ಟು 1646ರ ಸೆಪ್ಟೆಂಬರ್‌ನಲ್ಲಿ ಮಾಂಟ್ರೋಸ್ ನಾರ್ವೆಗೆ ಹಡಗು ಹತ್ತಿದ. 1649ರ ಜನವರಿ 30ರಂದು ಚಾರ್ಲ್ಸ್‌ನ ತಲೆ ಉರುಳಿದ ಸುದ್ದಿ ಕೇಳಿ ಮೂರ್ಛೆ ಹೋದನಂತೆ. ಮುಂದಿನದು ಈ ಕಥೆಯ ಅತ್ಯಂತ ಕೊಳಕು ಭಾಗ. ಮಗ ಎರಡನೆಯ ಚಾರ್ಲ್ಸ್ ಇಂಗ್ಲೆಂಡಿನ ಹೊರಗೆ ಕೂತು ಒಂದು ಕೈಯಲ್ಲಿ ಆರ್ಗೈಲ್‌ನ ಪಕ್ಷದೊಡನೆ ಸಂಧಾನ ನಡೆಸುತ್ತ, ಇನ್ನೊಂದು ಕೈಯಲ್ಲಿ ಮಾಂಟ್ರೋಸ್‌ಗೆ ಗಾರ್ಟರ್ ಎಂಬ ಅತಿ ದೊಡ್ಡ ರಾಜಗೌರವ ಕೊಟ್ಟು ದಂಡೆತ್ತಿ ಹೋಗಲು ಹುರಿದುಂಬಿಸಿದ. ಉತ್ತರದಲ್ಲಿ ಕತ್ತಿಯ ಸದ್ದಾದರೆ ಸಂಧಾನದ ಮೇಜಿನಲ್ಲಿ ತನ್ನ ಬೆಲೆ ಏರೀತು ಎಂಬುದು ಲೆಕ್ಕ. ಆರ್ಕ್ನಿ ದ್ವೀಪದ ಅನುಭವವಿಲ್ಲದ ರೈತರೂ ಬಾಡಿಗೆಯ ಡೇನರು, ಜರ್ಮನರೂ ಸೇರಿ ಸುಮಾರು 1,200 ಜನರೊಡನೆ ಬಂದ ಮಾಂಟ್ರೋಸ್ 1650ರ ಏಪ್ರಿಲ್ 27ರಂದು ಕಾರ್ಬಿಸ್‌ಡೇಲ್‌ನಲ್ಲಿ ಕೆಲವೇ ನೂರು ಸವಾರರ ಎದುರು ಪುಡಿಯಾದ. ಹಸಿದು ಅಲೆದು ಆಸಿಂಟ್‌ನ ಮ್ಯಾಕ್‌ಲಿಯೋಡ್‌ನ ಕೈಗೆ ಸಿಕ್ಕ, ಆರ್ಡ್‌ವ್ರೆಕ್ ಕೋಟೆಯಿಂದ ಸರ್ಕಾರದ ಕೈಗೆ ಹೋದ. ಆ ಸೋಲಾದ ನಾಲ್ಕು ದಿನಗಳಿಗೆ, ಮೇ 1ರಂದು, ಚಾರ್ಲ್ಸ್ ಬ್ರೆಡಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ. ಮಾಂಟ್ರೋಸ್‌ನ ದಂಡಯಾತ್ರೆಗೂ ತನಗೂ ಸಂಬಂಧವಿಲ್ಲವೆಂದು ಪತ್ರ ಬರೆದ. ಜೂನ್‌ನಲ್ಲಿ ಒಡಂಬಡಿಕೆಗೂ ಸಹಿ ಹಾಕಿದ.

ಪಕ್ಷಾಂತರದ ಪ್ರಶ್ನೆಗೆ ಉತ್ತರ ಕೊಡುವ ಸಾಕ್ಷಿ ಮಾಂಟ್ರೋಸ್‌ನದೇ ಕೊನೆಯ ಮಾತುಗಳು. ಚರ್ಚು ಅವನನ್ನು ಮೊದಲೇ ಬಹಿಷ್ಕರಿಸಿತ್ತು. ಪಶ್ಚಾತ್ತಾಪ ತೋರಿದರೆ ಬಹಿಷ್ಕಾರ ತೆಗೆಯುತ್ತೇವೆಂದು ಪಾದ್ರಿಗಳು ಸೆರೆಮನೆಗೆ ಬಂದರು. ತಾನು ಸಹಿ ಹಾಕಿದ ಒಡಂಬಡಿಕೆಯನ್ನು ಈಗಲೂ ಒಪ್ಪುತ್ತೇನೆ, ಎರಡನೆಯದಕ್ಕೆ ತಾನು ಸಹಿ ಹಾಕಿಯೇ ಇಲ್ಲ, ಬಿಷಪ್ಪರ ಬಗ್ಗೆ ತನಗೆ ಯಾವ ಆಸ್ಥೆಯೂ ಇರಲಿಲ್ಲ ಎಂಬುದು ಅವನ ಉತ್ತರದ ಸಾರ. ಗಲ್ಲಿನ ನೆರಳಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದ ಲಾಭವಿರಲಿಲ್ಲ. ಪಶ್ಚಾತ್ತಾಪದ ಸುಳ್ಳಿಗಷ್ಟೇ ಅಲ್ಲಿ ಬೆಲೆಯಿತ್ತು. ಮೇ 21ರಂದು, ಕುಲೀನರಿಗೆ ಸಲ್ಲುವ ಶಿರಚ್ಛೇದದ ಮರ್ಯಾದೆಯನ್ನೂ ಕೊಡದೆ, ಮೂವತ್ತು ಅಡಿ ಎತ್ತರದ ಗಲ್ಲಿಗೆ ಹಾಕಿದರು. ಅವನ ಗುರು-ಪಾದ್ರಿ ಲ್ಯಾಟಿನ್‌ನಲ್ಲಿ ಬರೆದಿದ್ದ ಅವನ ಯುದ್ಧಗಳ ವೃತ್ತಾಂತವನ್ನು ಅವಮಾನವೆಂದು ಕೊರಳಿಗೆ ಕಟ್ಟಿದರು. ಅವನು ಕಸೂತಿಯ ಬಟ್ಟೆ ತೊಟ್ಟು ಮದುವೆಗೆ ಹೋಗುವವನಂತೆ ಬಂದಿದ್ದ. ತಲೆ ಟೋಲ್‌ಬೂತ್ ಸೆರೆಮನೆಯ ಮೊನೆಗೂಟದ ಮೇಲೆ, ಕೈಕಾಲುಗಳು ಬೇರೆ ಬೇರೆ ಪಟ್ಟಣಗಳ ಬಾಗಿಲುಗಳಲ್ಲಿ. ಸೇಂಟ್ ಜೈಲ್ಸ್ ಹೊರಗೆ ಜನ ಉಗುಳಿ ಹೋಗುವ ಹೃದಯಾಕಾರದ ಕಲ್ಲುಹಾಸನ್ನು ನೋಡಿರುತ್ತೀರಿ. ಟೋಲ್‌ಬೂತ್ ಇದ್ದದ್ದು ಅಲ್ಲಿಯೇ.

ಹನ್ನೊಂದು ವರ್ಷ ಆ ತಲೆ ಅಲ್ಲಿತ್ತು. ಈ ನಡುವೆ 1651ರ ಜನವರಿ 1ರಂದು ಸ್ಕೋನ್‌ನಲ್ಲಿ ಎರಡನೆಯ ಚಾರ್ಲ್ಸ್‌ನ ತಲೆಗೆ ಕಿರೀಟ ಇಟ್ಟವನು ಆರ್ಗೈಲ್. ಸಿಂಹಾಸನ ಗಟ್ಟಿಯಾದ ಮೇಲೆ, 1661ರ ಮೇ 11ರಂದು ಮಾಂಟ್ರೋಸ್‌ನ ತುಂಡುಗಳನ್ನೆಲ್ಲ ಕೂಡಿಸಿ ರಾಜಮರ್ಯಾದೆಯಿಂದ ಹೂಳಿದರು. ಮೇ 27ರಂದು ಆರ್ಗೈಲ್‌ನ ತಲೆ ಕಡಿದು ಅದೇ ಮೊನೆಗೂಟಕ್ಕೆ ಚುಚ್ಚಿದರು. ಇಬ್ಬರನ್ನೂ ಬಳಸಿಕೊಂಡು ಇಬ್ಬರನ್ನೂ ಕೈಬಿಟ್ಟವನು ಒಬ್ಬನೇ. ಪಕ್ಷಾಂತರಿ ಎಂಬ ಪದ ಬೇಕೇಬೇಕೆಂದರೆ ಆ ರಾಜನಿಗೆ ಮೀಸಲಿಡಿ.

ಓದುಬಳಗದಲ್ಲಿ ಏನು ಹೇಳಬಹುದು ಎಂಬುದಕ್ಕೆ ಬರುತ್ತೇನೆ. ವೀರಗಾಥೆಯಾಗಿ ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತದೆ, ಅಬರ್ಡೀನ್ ಕಾಣೆಯಾಗುತ್ತದೆ. ದ್ರೋಹದ ಕಥೆಯಾಗಿ ಹೇಳಿದರೆ 1638ರ ಪತ್ರದಲ್ಲಿ ನಿಜಕ್ಕೂ ಏನಿತ್ತೆಂಬುದು ಕಾಣೆಯಾಗುತ್ತದೆ. ಮಾಂಟ್ರೋಸ್-ಆರ್ಗೈಲ್ ಜುಗಲ್‌ಬಂದಿಯಾಗಿ ಹೇಳುವುದು ಕೇಳಲು ಸೊಗಸು. ಅದರ ಅಪಾಯವೆಂದರೆ ಆರ್ಗೈಲ್ ಬರೀ ಖಳನಾಯಕನಾಗಿಬಿಡುತ್ತಾನೆ. ರಾಜನ ಅಂಕೆಯಿಲ್ಲದ ಅಧಿಕಾರಕ್ಕೆ ಕಡಿವಾಣ ಹಾಕಿದ ಸರ್ಕಾರವನ್ನು ಅವನು ವರ್ಷಗಟ್ಟಲೆ ನಡೆಸಿದ್ದ ಎಂಬುದನ್ನು ಮರೆಯಬಾರದು. ನನ್ನನ್ನು ಕೇಳಿದರೆ ಅಬರ್ಡೀನ್ ಒಂದನ್ನೇ ಹಿಡಿದು ಹೇಳಿ: ಒಬ್ಬ ಸೇನಾಪತಿ, ಒಂದು ಊರು, 1639 ಮತ್ತು 1644. ಕೇಳುವವರು ಅವನನ್ನು ತಾವೇ ತೂಗಿಕೊಳ್ಳುತ್ತಾರೆ.

ಉಳಿದದ್ದು ಹೃದಯ. ಗಲ್ಲಿನ ಮರುದಿನಗಳಲ್ಲಿ ನೇಪಿಯರ್ ಮನೆತನದ ಸೊಸೆ ರಾತ್ರಿ ಆಳುಗಳನ್ನು ಕಳಿಸಿ, ಹೂತಿದ್ದ ಮುಂಡದಿಂದ ಹೃದಯವನ್ನು ತೆಗೆಸಿ, ಸುಗಂಧದ್ರವ್ಯ ಹಾಕಿಸಿ, ಮಾಂಟ್ರೋಸ್‌ನ ಕತ್ತಿಯ ಅಲಗಿನಿಂದ ಮಾಡಿದ ಪುಟ್ಟ ಉಕ್ಕಿನ ಡಬ್ಬಿಯಲ್ಲಿ ಇಡಿಸಿದಳೆಂಬುದು ಆ ಮನೆತನದ ನಂಬಿಕೆ. ಮುಂದಿನ ಕಥೆಗೆ ಆಧಾರ, ಸಿಲೋನಿನ ಮುಖ್ಯ ನ್ಯಾಯಾಧೀಶನಾಗಿದ್ದ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ 1836ರಲ್ಲಿ ಬರೆದ ಪತ್ರ. ಅವನ ತಾಯಿ ಹೆಸ್ಟರ್ ನೇಪಿಯರ್ ಮನೆತನದ ಮಗಳು. ಗಂಡನ ಕೆಲಸದ ನಿಮಿತ್ತ ಮದುರೆಯಲ್ಲಿ ನೆಲೆಸಿದಾಗ ಡಬ್ಬಿಯನ್ನೂ ತಂದಿದ್ದಳು. ಹಾದಿಯಲ್ಲಿ ಫ್ರೆಂಚ್ ಹಡಗುಗಳ ಗುಂಡಿಗೆ ಅದರ ಹೊರಗಿನ ಚಿನ್ನದ ಕವಚ ನಜ್ಜುಗುಜ್ಜಾಗಿದ್ದರಿಂದ ಮದುರೆಯ ಅಕ್ಕಸಾಲಿಗನಿಂದ ಹೊಸದನ್ನು ಮಾಡಿಸಿ, ಬೆಳ್ಳಿಯ ಪಾತ್ರೆಯ ಮೇಲೆ ತಮಿಳು ಮತ್ತು ತೆಲುಗಿನಲ್ಲಿ ಮಾಂಟ್ರೋಸ್‌ನ ಕಥೆ ಕೆತ್ತಿಸಿದಳಂತೆ. ಅದು ಧರಿಸಿದವನಿಗೆ ಗಾಯವಾಗದ ತಾಯಿತವೆಂಬ ಸುದ್ದಿ ಹಬ್ಬಿ, ಕಳುವಾಗಿ, ಒಬ್ಬ ಪಾಳೆಯಗಾರನ ಕೈ ಸೇರಿತು; ಹುಡುಗ ಜಾನ್‌ಸ್ಟನ್ ಅವನೊಡನೆ ಬೇಟೆಗೆ ಹೋಗಿ ಸ್ನೇಹ ಬೆಳೆಸಿ ಅದನ್ನು ಮರಳಿ ತಂದ. 1792ರಲ್ಲಿ ಯುರೋಪಿಗೆ ಹಿಂದಿರುಗುವಾಗ ಫ್ರಾನ್ಸಿನ ಬುಲೋನ್‌ನಲ್ಲಿ, ಕ್ರಾಂತಿ ಸರ್ಕಾರ ಚಿನ್ನ ಬೆಳ್ಳಿ ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದ್ದರಿಂದ, ಬಚ್ಚಿಡಲು ಅಲ್ಲಿನ ಇಂಗ್ಲಿಷ್ ಹೆಂಗಸೊಬ್ಬಳಿಗೆ ಕೊಟ್ಟರು. ಅವಳು ಸತ್ತಳು, ಹೃದಯ ಮತ್ತೆ ಸಿಗಲಿಲ್ಲ.

ಇದನ್ನು ಸಭೆಯಲ್ಲಿ ಧಾರಾಳವಾಗಿ ಹೇಳಿ, ಆದರೆ ಇದು ಒಬ್ಬನೇ ಸಾಕ್ಷಿ ಸುಮಾರು ಅರ್ಧ ಶತಮಾನದ ನಂತರ ನೆನಪಿನಿಂದ ಬರೆದದ್ದೆಂದು ಸೇರಿಸಿ. ಡಬ್ಬಿಯೊಂದು ಮದುರೆಯಲ್ಲಿತ್ತು ಎಂಬುದನ್ನು ನಾನು ನಂಬುತ್ತೇನೆ. ಅದರೊಳಗೆ ಇದ್ದದ್ದು ಮಾಂಟ್ರೋಸ್‌ನದೇ ಎಂಬುದಕ್ಕೆ ಮನೆತನದ ಮಾತಷ್ಟೇ ಆಧಾರ. ನಿಮ್ಮ ಶ್ರೋತೃಗಳಿಗೆ ಇನ್ನೊಂದು ಎಳೆಯೂ ಹಿಡಿಸೀತು: ಅದೇ ಹೆಸ್ಟರ್ ತನ್ನ ಪೂರ್ವಜ ಗಣಿತಜ್ಞ ನೇಪಿಯರ್‌ನ ಚರಿತ್ರೆಗಾಗಿ ಹಿಂದೂ ಗಣಿತದ ಮಾಹಿತಿ ಸಂಗ್ರಹಿಸಲು ಮದುರೆಗೆ ಕರೆಸಿಕೊಂಡ ತರುಣ ಎಂಜಿನಿಯರ್ ಕಾಲಿನ್ ಮೆಕೆಂಜಿ, ಮುಂದೆ ಮೈಸೂರು ಸೀಮೆಯನ್ನು ಅಳೆದು, ನಮ್ಮ ಊರೂರಿನ ಕೈಫಿಯತ್ತುಗಳನ್ನು ಬರೆಸಿಟ್ಟವನು ಅವನೇ.

ಮುಂಡವನ್ನು ಮೊದಲು ಹೂತದ್ದು ಎಲ್ಲಿ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಪರಾಧಿಗಳನ್ನು ಹೂಳುತ್ತಿದ್ದ, ಊರ ಹೊರಗಿನ ಬರೋ ಮ್ಯೂರ್ ಎಂಬ ಬಯಲಿನಲ್ಲಿ. ಆ ಬಯಲಿನ ಬಹುಭಾಗದ ಮೇಲೆ ಈಗ ಮನೆಗಳೆದ್ದಿವೆ. ಉಳಿದಿರುವ ಹುಲ್ಲಿನ ತುಂಡೇ ನಿಮ್ಮ ಮಗಳ ಮನೆಯ ಪಕ್ಕದ ಬ್ರಂಟ್ಸ್‌ಫೀಲ್ಡ್.